ಒಂದರಿಂದ ಆರಕ್ಕೆ ಏರಿ ಒಂದಕ್ಕೆ ಇಳಿಯುವ ಸಂಖ್ಯೆ

ಈ ಬರಹ ಪೂರ್ತಿಯಾಗಿ ಒಂದೇ ಒಂದು ಸಂಖ್ಯೆಯನ್ನು ಕುರಿತದ್ದು. ಅದು 12345654321. ನಮ್ಮ ರೂಢಿಯಂತೆ ಅಲ್ಪವಿರಾಮ ಹಾಕಿ ಬರೆದರೆ 12,34,56,54,321 ಆಗುತ್ತದೆ. ಬಾಯಿಬಿಟ್ಟು ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸರ್ಕಾರದ ಬಜೆಟ್ಟಿನ ಯಾವುದೋ ಬಾಬ್ತಿನಲ್ಲಿ ಇಷ್ಟು ಮೊತ್ತ ಕಂಡರೆ ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಗಣಿತಜ್ಞರ ಕಣ್ಣಿಗೂ ಇದು ಭಾರೀ ಸಂಖ್ಯೆಯೇನಲ್ಲ. ಆದರೆ ಕಾಗದ, ಪೆನ್ಸಿಲು ಹಿಡಿದು ಕೂತವನು ಒಂದು ಮಧ್ಯಾಹ್ನದೊಳಗೆ ಇದರ ಒಳಗನ್ನೆಲ್ಲ ಬಿಚ್ಚಿ ನೋಡಬಹುದು, ಹಾಗೆ ನೋಡಿದ ಮೇಲೂ ಇದರಲ್ಲಿ ಇನ್ನಷ್ಟು ಉಳಿದಿರುತ್ತದೆ. ಚಿಕ್ಕಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಇದು ಪ್ರತಿ ವರ್ಷ ಕೆಲಸಕ್ಕೆ ಬರುವ ಸಂಖ್ಯೆ.

ಇದಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಒಂಬತ್ತನೆಯ ಶತಮಾನದ ನಡುವಿನಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೊಗಳಿಕೆ ಅದರ ಆರಂಭದಲ್ಲಿಯೇ ಬರುತ್ತದೆ. ಅಂದಿನ ಗಣಿತ ಸಾಮಾನ್ಯವಾಗಿ ಖಗೋಳ ಗ್ರಂಥದ ಒಂದೆರಡು ಅಧ್ಯಾಯಗಳಲ್ಲಿ ಅಡಗಿಕೊಂಡಿರುತ್ತಿತ್ತು. ಈತನದು ಆ ಹಂಗಿಲ್ಲದೆ ಲೆಕ್ಕಕ್ಕೇ ಮೀಸಲಾದ ಪುಸ್ತಕ. ಸ್ಥಾನಗಳನ್ನು ಏಕದಿಂದ ಹಿಡಿದು ಇಪ್ಪತ್ತನಾಲ್ಕನೆಯದಾದ ಮಹಾಕ್ಷೋಭದವರೆಗೆ ಹೆಸರಿಸುವ ಆತನಿಗೆ ಹನ್ನೊಂದು ಅಂಕಿಗಳ ಸಂಖ್ಯೆ ದೊಡ್ಡದಾಗಿ ಕಂಡಿರಲಾರದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಮದರಾಸಿನಿಂದ ಅಚ್ಚು ಹಾಕಿಸಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಮಕ್ಕಳಿಗೆ ಈ ಎರಡು ಭಾಷೆಗಳ ಸುದ್ದಿಯನ್ನು ಒಟ್ಟಿಗೆ ಹೇಳುವುದು ನನಗೆ ಇಷ್ಟ. ಕಾಲದ ಅಳತೆ ಸಿಗಲೆಂದು, ನಂದಿಯ ಭೋಗನಂದೀಶ್ವರ ದೇವಾಲಯದ ಹಳೆಯ ಭಾಗಗಳೂ ಅದೇ ಶತಮಾನದವು ಎಂದು ಸೇರಿಸುತ್ತೇನೆ. ಆ ಕಂಬಗಳ ನಡುವೆ ಆಡಿ ಬಂದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗುಣಾಕಾರದ ಉದಾಹರಣೆಗಳನ್ನು ಕೊಡುವಾಗ ಮಹಾವೀರ ಕೆಲವು ಗುಣಲಬ್ಧಗಳನ್ನು ಕೊರಳಿನ ಆಭರಣವೆಂದು, ಕಂಠಿಕೆಯೆಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಎಲ್ಲವೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳು. ಹೂವಿನ ಮಂಡಿಯ ಊರಾದ ಚಿಕ್ಕಬಳ್ಳಾಪುರದಲ್ಲಿ ಈ ಹೋಲಿಕೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾರ ಕಟ್ಟುವವರು ಎರಡೂ ಎಳೆಗಳಲ್ಲಿ ಸೇವಂತಿಗೆಯನ್ನೂ ಚೆಂಡುಹೂವನ್ನೂ ಒಂದೇ ಲೆಕ್ಕದಲ್ಲಿ ಪೋಣಿಸುತ್ತ ಬಂದು ನಡುವೆ ಕುಚ್ಚು ಕಟ್ಟುವುದನ್ನು ಮಕ್ಕಳು ದಿನವೂ ನೋಡುತ್ತಾರೆ. ಆ ಮಾಲೆಗಳ ಸಾಲಿನಲ್ಲಿಯೇ ನಮ್ಮ ಸಂಖ್ಯೆಯೂ ಇದೆ. ಮಹಾವೀರ ಅದನ್ನು ಅಂಕಿಗಳಲ್ಲಿ ಹೇಳದೆ, ಒಂದರಿಂದ ಮೊದಲಾಗಿ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂಬ ಅರ್ಥದ ಮಾತಿನಿಂದ ಸೂಚಿಸುತ್ತಾನೆ. ಅದನ್ನು ಪಡೆಯಲು ಅವನು ಕೊಟ್ಟ ಗುಣಾಕಾರ 27994681 × 441.

ಇದನ್ನು ಕೈಯಿಂದಲೇ ಮಾಡಿ ನೋಡಬೇಕು. 27994681ನ್ನು ಒಂದರಿಂದ ಗುಣಿಸಿದ ಸಾಲು ಹಾಗೆಯೇ ಬರುತ್ತದೆ. ನಲವತ್ತರಿಂದ ಗುಣಿಸಿದರೆ 1119787240. ನಾನೂರರಿಂದ ಗುಣಿಸಿದರೆ 11197872400. ಈ ಮೂರು ಸಾಲುಗಳನ್ನು ಎಷ್ಟು ದಿಟ್ಟಿಸಿದರೂ ಮಾಲೆಯ ಸುಳಿವು ಸಿಗುವುದಿಲ್ಲ. ಈಗ ಬಿಡಿ ಸ್ಥಾನದಿಂದ ಕೂಡುತ್ತ ಬನ್ನಿ. ಬಿಡಿಯಲ್ಲಿ 1. ಹತ್ತರ ಸ್ಥಾನದಲ್ಲಿ 8, 4 ಕೂಡಿ 12. ಎರಡು ಬರೆದು ಕೈಲಿ ಒಂದು. ನೂರರಲ್ಲಿ 6, 2, 4 ಮತ್ತು ಕೈಲಿದ್ದ 1 ಸೇರಿ 13. ಮೂರು ಬರೆದು ಕೈಲಿ ಒಂದು. ಸಾವಿರದಲ್ಲಿ 14. ಹತ್ತು ಸಾವಿರದಲ್ಲಿ 25, ಲಕ್ಷದಲ್ಲಿ 26, ಹತ್ತು ಲಕ್ಷದಲ್ಲಿ ಮತ್ತೆ 25, ಕೋಟಿಯಲ್ಲಿ 14, ಮುಂದೆ ಕೈಲಿ ಉಳಿಯುವುದೇನೂ ಇಲ್ಲದೆ 3, 2, 1. ಹೀಗೆ ಕಂಬಸಾಲುಗಳ ಮೊತ್ತಗಳೇ 1, 12, 13, 14, 25, 26, 25, 14, 3, 2, 1 ಎಂದು ಬರುತ್ತವೆ. ತರಗತಿಯಲ್ಲಿ ಇದನ್ನು ಮಾಡಿಸುವಾಗ ಸಾವಿರದ ಸ್ಥಾನ ದಾಟುವವರೆಗೆ ಎಲ್ಲರೂ ತಲೆ ತಗ್ಗಿಸಿ ಕೂಡುತ್ತಿರುತ್ತಾರೆ. ಲಕ್ಷದ ಸ್ಥಾನದಲ್ಲಿ ಆರು ಬಿದ್ದು, ಅದರ ಪಕ್ಕದಲ್ಲಿ ಮತ್ತೆ ಐದು ಬಿದ್ದಾಗ ಯಾರಾದರೊಬ್ಬರು ತಲೆ ಎತ್ತುತ್ತಾರೆ.

ಮಹಾವೀರನು ಹುಟ್ಟು ಮೇಷ್ಟ್ರು ಎಂದು ನನಗೆ ಅನ್ನಿಸುವುದು ಇಲ್ಲಿ. ಇದೇ ಉತ್ತರವನ್ನು ಪಡೆಯಲು ಇದಕ್ಕಿಂತ ಎಷ್ಟೋ ಸುಲಭದ ದಾರಿ ಇತ್ತು: ಆರು ಒಂದುಗಳನ್ನು, ಅಂದರೆ 111111ನ್ನು, ಅದರಿಂದಲೇ ಗುಣಿಸಿದರೆ ಸಾಕಿತ್ತು. ಅವನು ಆ ದಾರಿ ಹಿಡಿಯಲಿಲ್ಲ. ಮಾಲೆಯನ್ನು ಎರಡು ಒರಟು ಸಂಖ್ಯೆಗಳೊಳಗೆ ಬಚ್ಚಿಟ್ಟು, ಗುಣಾಕಾರ ಸರಿಯಾಗಿ ಮಾಡಿದವನಿಗೆ ಮಾತ್ರ ಅದು ಕಾಣುವಂತೆ ಮಾಡಿದ. ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳುವ ಅಗತ್ಯವೇ ಶಿಷ್ಯನಿಗೆ ಬೀಳುವುದಿಲ್ಲ, ಏಕೆಂದರೆ ಒಂದು ಕಡೆ ಕೈಲಿದ್ದದ್ದನ್ನು ಕೂಡಲು ಮರೆತರೂ ಮಾಲೆ ಅಲ್ಲಿಯೇ ಕೆಡುತ್ತದೆ. ಪುಸ್ತಕದ ಕೊನೆಯಲ್ಲಿ ಉತ್ತರ ಅಚ್ಚು ಹಾಕುವ ಈಗಿನ ಪದ್ಧತಿಗಿಂತ ಇದು ಚೆಲುವಾದದ್ದು ಎಂಬುದು ನನ್ನ ಅಭಿಪ್ರಾಯ.

ಸುಲಭದ ದಾರಿಯನ್ನೂ ನೋಡಿಬಿಡೋಣ. 111111ನ್ನು 111111ರಿಂದ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿಯೊಂದೂ ಆರು ಒಂದುಗಳೇ, ಒಂದೊಂದು ಸಾಲೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಿಡಿ ಸ್ಥಾನದ ಕೆಳಗೆ ಒಂದೇ ಒಂದು, ಹತ್ತರ ಕೆಳಗೆ ಎರಡು ಒಂದುಗಳು, ನಡುವಿನ ಲಕ್ಷದ ಸ್ಥಾನದ ಕೆಳಗೆ ಆರೂ ಒಂದುಗಳು, ಅಲ್ಲಿಂದಾಚೆಗೆ ಮತ್ತೆ ಐದು, ನಾಲ್ಕು, ಮೂರು. ಯಾವ ಮೊತ್ತವೂ ಒಂಬತ್ತನ್ನು ಮೀರದ್ದರಿಂದ ಕೈಲಿ ಉಳಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಅಚ್ಚುಕಟ್ಟು ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಾದೊಡನೆ ನಡುವಿನ ಸ್ಥಾನದ ಮೊತ್ತ ಹತ್ತಾಗಿ, ಅದರ ಒಂದು ಎಡಕ್ಕೆ ಹೋಗಿ ಅಲ್ಲಿದ್ದ ಒಂಬತ್ತನ್ನು ಹತ್ತು ಮಾಡಿ, 1234567900987654321 ಎಂಬ ಕೆಟ್ಟ ಮಾಲೆ ಸಿಗುತ್ತದೆ. ಮಂಡಿಯಲ್ಲಿ ದಲ್ಲಾಳಿಗಳ ಮೇಜಿನ ಮೇಲಿರುವ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಇದನ್ನು ನೋಡಹೊರಟವರಿಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ಆರು ಒಂದುಗಳ ವರ್ಗ ಹನ್ನೊಂದು ಮನೆಗಳನ್ನು ತುಂಬಿ ಆರಾಮಾಗಿ ಕೂರುತ್ತದೆ; ಏಳು ಒಂದುಗಳ ವರ್ಗಕ್ಕೆ ಹದಿಮೂರು ಅಂಕಿಗಳು ಬೇಕಾದ್ದರಿಂದ ಮೂಲೆಯಲ್ಲಿ ‘ಇ’ ಎಂಬ ದೋಷದ ಗುರುತು ಬೀಳುತ್ತದೆ. ಆ ಯಂತ್ರದ ಮಟ್ಟಿಗೆ ಈ ಕುಟುಂಬದ ಅತಿ ದೊಡ್ಡ ಸಂಖ್ಯೆ ನಮ್ಮದೇ.

ಈ ಕುಟುಂಬಕ್ಕೆ ಒಂದು ಹೆಸರೂ ಇದೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಅವರು ಇಂಥ ಸಂಖ್ಯೆಗಳನ್ನು ಡೆಮ್ಲೊ ಸಂಖ್ಯೆಗಳೆಂದು ಕರೆದರು. ಅದು ಮುಂಬೈ ಬಳಿಯ ರೈಲು ನಿಲ್ದಾಣವೊಂದರ ಹೆಸರು, ಇಂದಿನ ಡೊಂಬಿವಲಿ. ಕಾಪ್ರೇಕರ್ ಸ್ಥಿರಾಂಕವೆಂದು ಹೆಸರಾದ 6174ರ ಕಾಪ್ರೇಕರ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ.

ಅಂಕಿಗಳನ್ನು ಕೂಡಿದರೆ 36, ಅಂದರೆ ಆರರ ವರ್ಗ. ಇದು ಆಕಸ್ಮಿಕವಲ್ಲ. ಒಂದರಿಂದ ಯಾವುದೇ ಸಂಖ್ಯೆಯವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತ ಎಲ್ಲವನ್ನೂ ಕೂಡಿದರೆ, ತುದಿಯಲ್ಲಿದ್ದ ಸಂಖ್ಯೆಯ ವರ್ಗ ಬರುತ್ತದೆ: 1+2+1 ನಾಲ್ಕು, 1+2+3+2+1 ಒಂಬತ್ತು. ಹಾಗಾದರೆ ಒಂದು, ಎರಡು, ಮೂರು ಎಂದು ಎಣಿಸುತ್ತ ಒಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದರವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಒಂದಕ್ಕೆ ಬಂದು, ಎಣಿಸಿದ್ದನ್ನೆಲ್ಲ ಕೂಡಿದರೆ ಸಿಗುವುದು 111111ರ ವರ್ಗ, ಅಂದರೆ ನಮ್ಮ ಸಂಖ್ಯೆಯೇ. ತನ್ನ ಅಂಕಿಗಳು ಹೇಗೆ ಏರಿ ಇಳಿಯುತ್ತವೆಯೋ ಹಾಗೆಯೇ ಏರಿ ಇಳಿದ ಎಣಿಕೆಯ ಮೊತ್ತವೂ ತಾನೇ ಆಗಿರುವ ಈ ಗುಣವನ್ನು ನಾನು ಮೊದಲು ಗಮನಿಸಿದಾಗ ಕೆಲಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

“ಸಾರ್, ಆರಕ್ಕೇ ಯಾಕೆ ನಿಲ್ಲಿಸಿದ್ದಾರೆ? ಒಂಬತ್ತರ ತನಕ ಹೋಗಬಹುದಿತ್ತಲ್ವಾ?” ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಮಹಾವೀರ ಕಾರಣ ಹೇಳಿಲ್ಲವಾದ್ದರಿಂದ ನನ್ನ ಉತ್ತರ ಊಹೆಯೇ, ಆದರೆ ಆಧಾರವುಳ್ಳ ಊಹೆ. ಬರೀ ಒಂದುಗಳಿಂದಾದ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದು ನೋಡಿ. 11 ಒಡೆಯುವುದಿಲ್ಲ. 111 ಎಂದರೆ 3 × 37. 1111 ಎಂದರೆ 11 × 101. 11111 ಎಂದರೆ 41 × 271. ಏಳು ಒಂದುಗಳು 239 × 4649; ಒಡೆದರೂ ಕೈಗೆ ಸಿಗುವುದು ಎರಡೇ ತುಂಡು. ಒಂಬತ್ತು ಒಂದುಗಳಲ್ಲಿ 3ರ ವರ್ಗ, 37, ಮತ್ತೆ 333667 ಎಂಬ ಭಾರೀ ಅವಿಭಾಜ್ಯ. ಎಂಟು ಒಂದುಗಳು ಪರವಾಗಿಲ್ಲ: 11 × 73 × 101 × 137, ಮಹಾವೀರನ 152207 ಇದರಿಂದಲೇ 73ನ್ನು ತೆಗೆದು ಉಳಿಸಿದ್ದು. ಆದರೆ ಆರು ಒಂದುಗಳು ಮಾತ್ರ 3 × 7 × 11 × 13 × 37 ಎಂದು ಐದು ಬೇರೆಬೇರೆ ಪುಟ್ಟ ತುಂಡುಗಳಾಗಿ ಬಿಡಿಸಿಕೊಳ್ಳುತ್ತವೆ. ಒಂಬತ್ತು ಒಂದುಗಳವರೆಗೆ ಇಷ್ಟು ತುಂಡಾಗುವುದು ಬೇರೊಂದಿಲ್ಲ. ಬಚ್ಚಿಡುವವನಿಗೆ ಬೇಕಾದದ್ದು ಇದೇ: ತುಂಡುಗಳು ಹೆಚ್ಚಿದ್ದಷ್ಟೂ ಅವನ್ನು ಎರಡು ಗುಂಪು ಮಾಡುವ ದಾರಿಗಳು ಹೆಚ್ಚು.

ಈ ಐದು ಅವಿಭಾಜ್ಯಗಳೇ ಯಾಕೆ ಬಂದವು ಎಂಬುದಕ್ಕೆ ಪ್ರೌಢಶಾಲೆಯ ಆವರ್ತ ದಶಮಾಂಶದ ಪಾಠದಲ್ಲಿಯೇ ಉತ್ತರವಿದೆ. 1ನ್ನು 7ರಿಂದ ಭಾಗಿಸಿದರೆ 0.142857 142857 ಎಂದು ಆರಾರು ಅಂಕಿಗಳು ಮರುಕಳಿಸುತ್ತವೆ. 13ರಿಂದ ಭಾಗಿಸಿದರೂ ಆರು: 0.076923 076923. 37ರಿಂದ ಭಾಗಿಸಿದರೆ ಮೂರು: 0.027 027. 11ರಿಂದ ಭಾಗಿಸಿದರೆ ಎರಡು: 0.09 09. 3ರಿಂದ ಭಾಗಿಸಿದರೆ ಒಂದೇ. ಆರಾರು ಅಂಕಿಗಳಿಗೊಮ್ಮೆ ಮರುಕಳಿಸುವುದೆಂದರೆ 999999 ಆ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುವುದೆಂದೇ ಅರ್ಥ. ಎರಡು ಅಥವಾ ಮೂರು ಅಂಕಿಗಳಿಗೊಮ್ಮೆ ಮರುಕಳಿಸಿದರೂ ಆರನೆಯ ಅಂಕಿಯ ಬಳಿ ಆವರ್ತ ಪೂರ್ತಿಯಾಗಿಯೇ ಇರುತ್ತದೆ. 999999 ಎಂದರೆ 111111ರ ಒಂಬತ್ತರಷ್ಟು; ಆದ್ದರಿಂದ 3ನ್ನು ಬಿಟ್ಟು ಉಳಿದ ನಾಲ್ಕೂ 111111ನ್ನೂ ಭಾಗಿಸುತ್ತವೆ. 111111ರ ಅಂಕಿಗಳ ಮೊತ್ತ ಆರಾದ್ದರಿಂದ 3 ಕೂಡ ಭಾಗಿಸುತ್ತದೆ. ಆವರ್ತದ ಉದ್ದ ನಾಲ್ಕಿರುವ 101ಕ್ಕೂ, ಐದಿರುವ 41 ಮತ್ತು 271ಕ್ಕೂ ಇಲ್ಲಿ ಜಾಗವಿಲ್ಲದಿರುವುದು ನಾಲ್ಕೂ ಐದೂ ಆರನ್ನು ಭಾಗಿಸದ ಕಾರಣದಿಂದ. 1, 2, 3, 6 ಎಂಬ ಆರರ ನಾಲ್ಕು ಭಾಜಕಗಳು ಹೀಗೆ ಹನ್ನೊಂದು ಅಂಕಿಗಳ ಸಂಖ್ಯೆಯ ಹೊಟ್ಟೆಯೊಳಗೆ ಏನಿರಬೇಕೆಂದು ತೀರ್ಮಾನಿಸಿಬಿಡುತ್ತವೆ.

ನಮ್ಮ ಸಂಖ್ಯೆ 111111ರ ವರ್ಗವಾದ್ದರಿಂದ ಈ ಐದೂ ಎರಡೆರಡು ಸಲ ಬರುತ್ತವೆ. ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆಗಳನ್ನು ಐದು ಸಲ ಗುಣಿಸಿದರೆ 243 ಭಾಜಕಗಳು. ಬೆಸ ಸಂಖ್ಯೆ ಬಂದದ್ದು ಸರಿಯಾಗಿಯೇ ಇದೆ: 242 ಭಾಜಕಗಳು ಜೋಡಿ ಜೋಡಿಯಾಗಿ ನಿಂತರೆ, 111111 ಮಾತ್ರ ತನಗೆ ತಾನೇ ಜೋಡಿ. 7, 11, 13 ಇವುಗಳಿಂದ ಭಾಗವಾಗುವುದನ್ನು ಒಂದೇ ಏಟಿಗೆ ಪರೀಕ್ಷಿಸಲು ಮೂರು ಮೂರು ಅಂಕಿಗಳ ಗುಂಪು ಮಾಡಿ ಒಂದನ್ನು ಬಿಟ್ಟು ಒಂದನ್ನು ಕಳೆಯುವ ಹಳೆಯ ಉಪಾಯವಿದೆ. 321ರಿಂದ 654 ಕಳೆದು, 345 ಕೂಡಿ, 12 ಕಳೆದರೆ ಸರಿಯಾಗಿ ಸೊನ್ನೆ.

ಈಗ ಮಹಾವೀರನ ಗುಟ್ಟಿಗೆ ಮರಳೋಣ. 441 ಎಂದರೆ 21ರ ವರ್ಗ, 21 ಎಂದರೆ 3 × 7. ಉಳಿದ 11 × 13 × 37 ಎಂದರೆ 5291, ಅದರ ವರ್ಗವೇ 27994681. ಎರಡೂ ಪೂರ್ಣವರ್ಗಗಳು. ಇದೇ ರೀತಿ ಐದು ಅವಿಭಾಜ್ಯಗಳನ್ನು ಬೇರೆಬೇರೆಯಾಗಿ ಗುಂಪು ಮಾಡಿ, ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ಗುಣಲಬ್ಧವಾಗಿ ಹದಿನೈದು ಬಗೆಯಲ್ಲಿ ಬರೆಯಬಹುದು. ಅವುಗಳನ್ನು ಸಾಲಾಗಿ ಬರೆದು ನೋಡುವವರಿಗೆ ಒಂದು ವಿಚಿತ್ರ ಕಾಣುತ್ತದೆ. 9 × 1371739369 ಒರಟು. 49 × 251952129 ಒರಟು. 441 × 27994681 ಒರಟೆಂದು ಆಗಲೇ ನೋಡಿದೆವು. ಆದರೆ 121 × 102030201 ಹಾಗಲ್ಲ. ಮಾಲೆಯನ್ನು ಒಡೆದರೆ ಎರಡು ಪುಟ್ಟ ಮಾಲೆಗಳೇ ಸಿಕ್ಕಿವೆ. 12321 × 1002001 ಕೂಡ ಹಾಗೆಯೇ. ಕೆಲವು ಕಡೆ ಕತ್ತರಿಸಿದರೆ ಮಾಲೆ ಉಳಿಯುತ್ತದೆ, ಕೆಲವು ಕಡೆ ಕತ್ತರಿಸಿದರೆ ಚೆಲ್ಲಾಪಿಲ್ಲಿಯಾಗುತ್ತದೆ. ಯಾಕೆ?

ಇದಕ್ಕೆ ಉತ್ತರ ಬೇಕಾದರೆ ಹತ್ತನ್ನು ಮರೆಯಬೇಕು. 111111 ಎಂಬುದನ್ನು ಸಂಖ್ಯೆಯೆಂದು ನೋಡದೆ, ಎಕ್ಸ್ ಎಂಬ ಅಕ್ಷರದ ಬಹುಪದೋಕ್ತಿಯೆಂದು ನೋಡಿ: ಒಂದು, ಎಕ್ಸ್, ಎಕ್ಸ್ ವರ್ಗ, ಹೀಗೆ ಎಕ್ಸ್‌ನ ಐದನೆಯ ಘಾತದವರೆಗಿನ ಆರು ಪದಗಳ ಮೊತ್ತ. ಎಕ್ಸ್ ಜಾಗದಲ್ಲಿ ಹತ್ತನ್ನು ಇಟ್ಟಾಗ ಮಾತ್ರ ಅದು ಒಂದು ಲಕ್ಷ ಚಿಲ್ಲರೆ. ಈ ಬಹುಪದೋಕ್ತಿಯು ಪೂರ್ಣಾಂಕ ಸಹಗುಣಕಗಳುಳ್ಳ ಮೂರು ಅಪವರ್ತನಗಳಾಗಿ ಒಡೆಯುತ್ತದೆ, ಅದಕ್ಕಿಂತ ಹೆಚ್ಚಿಗೆ ಒಡೆಯುವುದಿಲ್ಲ: ಎಕ್ಸ್ ಕೂಡಿಸು ಒಂದು, ಎಕ್ಸ್ ವರ್ಗ ಕೂಡಿಸು ಎಕ್ಸ್ ಕೂಡಿಸು ಒಂದು, ಎಕ್ಸ್ ವರ್ಗ ಕಳೆ ಎಕ್ಸ್ ಕೂಡಿಸು ಒಂದು. ಎಕ್ಸ್‌ಗೆ ಹತ್ತು ಹಾಕಿದರೆ ಇವು ಕ್ರಮವಾಗಿ 11, 111 ಮತ್ತು 91. ಇವೇ ಮಾಲೆಯ ನಿಜವಾದ ಕೀಲುಗಳು. 91ನ್ನು 7 ಮತ್ತು 13 ಎಂದು, 111ನ್ನು 3 ಮತ್ತು 37 ಎಂದು ಒಡೆಯಬಹುದಾದದ್ದು ನಾವು ಹತ್ತರ ಲೆಕ್ಕದಲ್ಲಿ ಬರೆಯುವ ಕಾರಣಕ್ಕೆ ಸಿಕ್ಕ ಹೆಚ್ಚುವರಿ ಸೌಕರ್ಯ. ಮಹಾವೀರ 441ರಲ್ಲಿ 3ನ್ನೂ 7ನ್ನೂ ತೆಗೆದುಕೊಂಡು ಎರಡು ಕೀಲುಗಳನ್ನು ನಡುವೆಯೇ ಸೀಳಿದ; ಅದಕ್ಕೇ ಅವನ ಎರಡು ಸಂಖ್ಯೆಗಳಲ್ಲಿ ಮಾಲೆಯ ವಾಸನೆಯೂ ಉಳಿದಿಲ್ಲ. 121 × 102030201ರಲ್ಲಿ ಯಾವ ಕೀಲೂ ಸೀಳಿಲ್ಲ: ಮೊದಲನೆಯದು 11ರ ವರ್ಗ, ಎರಡನೆಯದು 111 ಮತ್ತು 91ರ ಗುಣಲಬ್ಧವಾದ 10101ರ ವರ್ಗ.

ಇದೇ ಸಂಖ್ಯೆ ಹಾವು ಏಣಿ ಆಟದಲ್ಲಿಯೂ ಇದೆ. ಎರಡು ದಾಳಗಳನ್ನು ಒಟ್ಟಿಗೆ ಎಸೆದರೆ ಮೊತ್ತ ಎರಡು ಬರುವುದು ಒಂದೇ ಬಗೆಯಲ್ಲಿ, ಮೂರು ಬರುವುದು ಎರಡು ಬಗೆಯಲ್ಲಿ, ನಾಲ್ಕು ಮೂರು ಬಗೆಯಲ್ಲಿ. ಏಳು ಬರುವುದು ಆರು ಬಗೆಯಲ್ಲಿ, ಅಲ್ಲಿಂದ ಇಳಿಯುತ್ತ ಹೋಗಿ ಹನ್ನೆರಡು ಮತ್ತೆ ಒಂದೇ ಬಗೆಯಲ್ಲಿ. ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1. ಸಂಭವನೀಯತೆಯ ಪಾಠ ಮಾಡಿದ ಪ್ರತಿ ಮೇಷ್ಟ್ರೂ ಈ ಸಾಲನ್ನು ಹಲಗೆಯ ಮೇಲೆ ಬರೆದಿರುತ್ತಾನೆ. ಅದು ಮಹಾವೀರನ ಮಾಲೆಯೆಂದು ಎಷ್ಟು ಜನ ಗಮನಿಸಿದ್ದಾರೋ. ಕಾರಣ ಸರಳ. ದಾಳದ ಪ್ರತಿ ಮುಖವೂ ಒಂದೊಂದು ಸಲ ಇದೆ ಎಂಬುದನ್ನು ಒಂದೊಂದು ಸ್ಥಾನದಲ್ಲಿ ಒಂದೊಂದು ‘1’ ಬರೆದು ಸೂಚಿಸಿದರೆ 111111 ಆಗುತ್ತದೆ: ಬಿಡಿ ಸ್ಥಾನ ಒಂದು ಚುಕ್ಕೆಯ ಮುಖಕ್ಕೆ, ಹತ್ತರ ಸ್ಥಾನ ಎರಡು ಚುಕ್ಕೆಯ ಮುಖಕ್ಕೆ, ಲಕ್ಷದ ಸ್ಥಾನ ಆರು ಚುಕ್ಕೆಯ ಮುಖಕ್ಕೆ. ಎರಡು ದಾಳಗಳನ್ನು ಎಸೆಯುವುದೂ ಈ ಎರಡು ಸಂಖ್ಯೆಗಳನ್ನು ಗುಣಿಸುವುದೂ ಒಂದೇ ಕೆಲಸ. ಅಂಕಿಗಳ ಮೊತ್ತ 36 ಎಂಬುದೂ ದಾಳಗಳ ಮೂವತ್ತಾರು ಸಾಧ್ಯತೆಗಳೂ ಬೇರೆಬೇರೆಯಲ್ಲ.

ಹಾಗಿದ್ದರೆ ಕೀಲುಗಳನ್ನು ಬೇರೆ ರೀತಿಯಲ್ಲಿ ಹಂಚಿದರೆ ಬೇರೆ ದಾಳಗಳು ಬರಬೇಕಲ್ಲವೇ? ಬರುತ್ತವೆ. ದಾಳಕ್ಕೆ ಎಷ್ಟು ಮುಖಗಳೆಂದು ತಿಳಿಯಲು ಎಕ್ಸ್ ಜಾಗದಲ್ಲಿ ಒಂದನ್ನು ಹಾಕಬೇಕು. ಆಗ 11ರ ಕೀಲು ಎರಡಾಗುತ್ತದೆ, 111ರದು ಮೂರಾಗುತ್ತದೆ, 91ರದು ಬರೀ ಒಂದು. ಆರು ಮುಖಗಳ ದಾಳ ಬೇಕಾದರೆ ಪ್ರತಿಯೊಂದಕ್ಕೂ ಒಂದು 11, ಒಂದು 111 ಕೊಡಲೇಬೇಕು. ಎರಡು 91ಗಳು ಮಾತ್ರ ಸ್ವತಂತ್ರ. ಒಂದೊಂದಕ್ಕೆ ಒಂದೊಂದು ಕೊಟ್ಟರೆ ನಮ್ಮ ಮಾಮೂಲಿ ದಾಳಗಳು. ಎರಡನ್ನೂ ಒಂದಕ್ಕೇ ಕೊಟ್ಟರೆ ಮೊದಲನೆಯದು 11 × 111 = 1221, ಎರಡನೆಯದು 11 × 111 × 91 × 91 = 10111101. ಎರಡೂ ಮಾಲೆಗಳು, ಗುಣಿಸಿದರೆ 12345654321. ಅಂಕಿಗಳನ್ನು ಬಲದಿಂದ ಓದಿ ದಾಳ ಮಾಡಿದರೆ ಒಂದರ ಮೇಲೆ 1, 2, 2, 3, 3, 4. ಇನ್ನೊಂದರ ಮೇಲೆ 1, 3, 4, 5, 6, 8. ಈ ಜೋಡಿಯನ್ನು ಕಂಡುಹಿಡಿದವರು ಅಮೆರಿಕದ ಬಫಲೋ ನಗರದ ಜಾರ್ಜ್ ಸಿಕರ್‌ಮನ್. 1978ರಲ್ಲಿ ಮಾರ್ಟಿನ್ ಗಾರ್ಡ್ನರ್ ಅದನ್ನು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಲೋಕಕ್ಕೆ ಪರಿಚಯಿಸಿದರು. ಈ ದಾಳಗಳಿಂದ ಹಾವು ಏಣಿ ಆಡಿದರೆ ಆಟದಲ್ಲಿ ಕಿಂಚಿತ್ತೂ ವ್ಯತ್ಯಾಸವಾಗುವುದಿಲ್ಲ. ಒಂದು ಮತ್ತು ಅದಕ್ಕಿಂತ ದೊಡ್ಡ ಪೂರ್ಣಾಂಕಗಳನ್ನೇ ಬಳಸಿ ಇಂಥ ಆರು ಮುಖದ ಜೋಡಿ ಮಾಡಲು ಇದು ಬಿಟ್ಟು ಇನ್ನೊಂದು ದಾರಿಯೂ ಇಲ್ಲ.

ಎರಡು 11ಗಳನ್ನೂ ಎರಡು 91ಗಳನ್ನೂ ಒಂದು ಕಡೆ, ಎರಡು 111ಗಳನ್ನು ಇನ್ನೊಂದು ಕಡೆ ಇಟ್ಟರೆ ನಾಲ್ಕು ಮುಖದ್ದೊಂದು, ಒಂಬತ್ತು ಮುಖದ್ದೊಂದು ಸಿಗುತ್ತವೆ, ಅವು ಆಗ ಕಂಡ ಪುಟ್ಟ ಮಾಲೆಗಳೇ. 1002001ರ ಅಂಕಿಗಳ ಮೊತ್ತ ನಾಲ್ಕು. ಅದರ ಮುಖಗಳು 1, 4, 4, 7. 12321ರ ಅಂಕಿಗಳ ಮೊತ್ತ ಒಂಬತ್ತು; ಅದರ ಮುಖಗಳು 1, 2, 2, 3, 3, 3, 4, 4, 5. ಒಂಬತ್ತು ಮುಖದ ದಾಳವನ್ನು ಮಾಡುವುದು ಕಷ್ಟವಾದ್ದರಿಂದ, ಆರಕ್ಕೇ ಯಾಕೆ ನಿಲ್ಲಿಸಿದ್ದಾರೆಂದು ಕೇಳಿದ ಹುಡುಗಿ ಮತ್ತು ಅವಳ ಗೆಳತಿಯರು ರಟ್ಟಿನ ಚೀಟಿಗಳ ಮೇಲೆ ಈ ಸಂಖ್ಯೆಗಳನ್ನು ಬರೆದು ಎರಡು ಡಬ್ಬಗಳಲ್ಲಿ ಹಾಕಿಕೊಂಡರು. ಮೊತ್ತ ಏಳು ಬರಬೇಕಾದರೆ ಮೊದಲ ಡಬ್ಬದಿಂದ ನಾಲ್ಕು, ಎರಡನೆಯದರಿಂದ ಮೂರು ಬರಬೇಕು. ನಾಲ್ಕರ ಚೀಟಿಗಳು ಎರಡು, ಮೂರರ ಚೀಟಿಗಳು ಮೂರು, ಒಟ್ಟು ಆರು ಬಗೆ. ಎಂಟು ಬರಬೇಕಾದರೆ ನಾಲ್ಕು ಮತ್ತು ನಾಲ್ಕು, ಅದು ನಾಲ್ಕು ಬಗೆ, ಅಥವಾ ಏಳು ಮತ್ತು ಒಂದು, ಅದು ಇನ್ನೊಂದು, ಒಟ್ಟು ಐದು.